ಚಿಕ್ಕದಿದ್ದಾಗಲೇ ಹೋಗು

ಮಗಾ, ಮೊದಲು 14416 ಅನ್ನೋ ನಂಬರನ್ನು ಮೊಬೈಲಿಗೆ ಹಾಕಿಕೋ, ಮನಸ್ಸಿನ ಕಷ್ಟ ಹೇಳಿಕೊಳ್ಳುವ ಸಹಾಯವಾಣಿ ಅದು. ‘ಟೆಲಿ ಮಾನಸ್’ ಅಂತ ಹೆಸರು ಕೊಟ್ಟರೆ ರೂಮಿನವರು ನೋಡಿ ಕಿಚಾಯಿಸುತ್ತಾರೆ ಅನ್ನಿಸಿದರೆ ‘ಪುರವರ ದೊಡ್ಡಪ್ಪ’ ಅಂತಲೇ ಬರೆದುಕೋ, ಯಾರೂ ಕೇಳುವುದಿಲ್ಲ. ಆಯಿತಾ? ಈಗ ಕೂತು ಕೇಳು.

ನಾನು ಡಾಕ್ಟರಲ್ಲ. ಸರ್ವೀಸಿನ ಬಹುಪಾಲು ಹಾಸ್ಟೆಲ್ ವಾರ್ಡನ್ ಆಗಿ ಕಳೆದವನು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಮಕ್ಕಳು ಪಿಯುಸಿ ಮುಗಿಸಿ ಬಂದು ಟ್ರಂಕು ಇಳಿಸುವುದನ್ನು ವರ್ಷಾ ವರ್ಷಾ ನೋಡಿದ್ದೇನೆ. ವಾರ್ಡನ್ನಿಗೆ ಮನಃಶಾಸ್ತ್ರ ಗೊತ್ತಿರುವುದಿಲ್ಲ, ತಟ್ಟೆ ಗೊತ್ತಿರುತ್ತದೆ. ಬಂದ ಹೊಸದರಲ್ಲಿ ಎರಡು ಮುದ್ದೆ ಉಣ್ಣುತ್ತಿದ್ದ ಹುಡುಗ ಒಂದಕ್ಕೆ ಇಳಿಯುತ್ತಾನೆ. ಆಮೇಲೆ ಆ ಒಂದನ್ನೂ ಸಾರಿನಲ್ಲಿ ಹೊರಳಿಸುತ್ತಾ ಕೂತು, ಸಾಲಿನವರೆಲ್ಲ ಎದ್ದುಹೋದ ಮೇಲೆ ನಲ್ಲಿಯ ಪಕ್ಕದ ಡ್ರಮ್ಮಿಗೆ ಬಗ್ಗಿಸಿ ಬರುತ್ತಾನೆ. ಶನಿವಾರ ಮಧ್ಯಾಹ್ನವಾದರೆ ಬ್ಯಾಗು ಹೆಗಲಿಗೇರಿಸಿ ಬಸ್ ಸ್ಟ್ಯಾಂಡಿಗೆ ಓಡುತ್ತಿದ್ದವನು ‘ಅಸೈನ್‌ಮೆಂಟ್ ಇದೆ ಸಾರ್’ ಎಂದು ಉಳಿದುಬಿಡುತ್ತಾನೆ. ಒಗೆಯದ ಬಟ್ಟೆ ಮಂಚದ ಕೆಳಗೆ ಸೇರುತ್ತದೆ. ನಡುರಾತ್ರಿ ದಾಟಿದ ಮೇಲೆ ಒಂದು ಸುತ್ತು ಬಂದರೆ ಒಂದೇ ಒಂದು ಕಂಬಳಿಯೊಳಗೆ ಮೊಬೈಲಿನ ಬೆಳಕು. ಬೆಳಗ್ಗೆ ಕೇಳಿದರೆ, ‘ಏನಿಲ್ಲ ಸಾರ್, ಚೆನ್ನಾಗಿದೀನಿ.’

ಈ ‘ಏನಿಲ್ಲ’ ಕೆಲವರಲ್ಲಿ ಕೆಲವು ವಾರ ನಡೆಯುತ್ತದೆ, ಕೆಲವರಲ್ಲಿ ಎರಡು ಮೂರು ಸೆಮಿಸ್ಟರು. ಕೊನೆಗೆ ಬಂದು ಬಾಗಿಲಲ್ಲಿ ನಿಲ್ಲುವ ಹೊತ್ತಿಗೆ ಅಟೆಂಡೆನ್ಸ್ ಶಾರ್ಟೇಜ್ ಆಗಿರುತ್ತದೆ, ಬ್ಯಾಕ್ ಪೇಪರುಗಳು ಗುಡ್ಡೆ ಬಿದ್ದಿರುತ್ತವೆ, ಮನೆಗೆ ಹೇಳಿದ ಸುಳ್ಳುಗಳು ಒಂದಕ್ಕೊಂದು ಸಿಕ್ಕುಬಿದ್ದಿರುತ್ತವೆ. ಆಗಲೂ ದಾರಿ ಇರುತ್ತದೆ, ಇಲ್ಲವೆಂದಲ್ಲ. ಆದರೆ ಮೊದಲ ತಿಂಗಳಲ್ಲೇ ಬಾಯಿ ಬಿಟ್ಟಿದ್ದರೆ ನಾಲ್ಕು ಮಾತಿನಲ್ಲಿ ಸರಿಹೋಗುತ್ತಿದ್ದುದು ಈಗ ನಾಲ್ಕು ತಿಂಗಳ ಕೆಲಸವಾಗಿರುತ್ತದೆ. ನಾನು ನಿನಗೆ ಹೇಳಬೇಕೆಂದಿರುವುದು ಇಷ್ಟೇ: ಕಷ್ಟ ಚಿಕ್ಕದಿದ್ದಾಗಲೇ ಆಪ್ತಸಮಾಲೋಚಕರ ಹತ್ತಿರ ಹೋಗು. ದೊಡ್ಡದಾದ ಮೇಲೆ ಹೋಗಬೇಕಾದ ಜಾಗ ಅದು ಎಂದು ತಿಳಿದುಕೊಂಡಿದ್ದೀಯಲ್ಲ, ಅದೇ ತಪ್ಪು.

ಎಷ್ಟು ಚಿಕ್ಕದಿದ್ದಾಗ ಅಂತ ಕೇಳುತ್ತೀಯ. ನಿದ್ದೆ, ಊಟ, ಓದು, ಸ್ನೇಹಿತರ ಜೊತೆ ಕೂರುವುದು, ಇವುಗಳಲ್ಲಿ ಯಾವುದಾದರೂ ಎರಡು ವಾರ ಸತತವಾಗಿ ಹದ ತಪ್ಪಿದರೆ ಹೋಗಿ ಮಾತಾಡು. ಮೊದಲು ಖುಷಿ ಕೊಡುತ್ತಿದ್ದುದು, ಕ್ರಿಕೆಟ್ಟೋ ಹಾಡೋ, ಈಗ ಬೇಡವೆನ್ನಿಸಿದರೆ ಹೋಗು. ಕ್ಲಾಸಿಗೆ ಹೋಗುವ ಮುಂಚೆ ಎದೆ ಡವಗುಟ್ಟಿ ಅಂಗೈ ಬೆವರಿದರೆ ಹೋಗು. ಆದರೆ ‘ನಾನಿಲ್ಲದಿದ್ದರೇ ಎಲ್ಲರಿಗೂ ಒಳ್ಳೆಯದು’ ಎಂಬ ಯೋಚನೆ ಒಮ್ಮೆ ಸುಳಿದರೂ ಎರಡು ವಾರವಲ್ಲ, ಎರಡು ಗಂಟೆಯೂ ಕಾಯಬೇಡ. ಪಕ್ಕದವರನ್ನು ಎಬ್ಬಿಸು, ಫೋನು ಮಾಡು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲಿ 2022ನೇ ಒಂದೇ ವರ್ಷ ದೇಶದಲ್ಲಿ ಆತ್ಮಹತ್ಯೆಯಿಂದ ಪ್ರಾಣ ಕಳೆದುಕೊಂಡ ವಿದ್ಯಾರ್ಥಿಗಳು 13,044. ಇವರಲ್ಲಿ ಎಷ್ಟು ಮಂದಿ ಹಿಂದಿನ ದಿನ ‘ಏನಿಲ್ಲ ಸಾರ್’ ಅಂದಿದ್ದರೋ ಅನ್ನುವುದು ಯಾವ ದಾಖಲೆಯಲ್ಲೂ ಬರುವುದಿಲ್ಲ.

ನಮ್ಮ ಕಡೆಯ ಮಕ್ಕಳು ಬಾಯಿ ಬಿಡದಿರುವುದಕ್ಕೆ ದೊಡ್ಡ ಕಾರಣ ಮನೆ. ಮಳೆ ನಂಬಿದ ಸೀಮೆ ನಮ್ಮದು. ಶೇಂಗಾ ಕೈಕೊಟ್ಟ ವರ್ಷವೂ ನಿನ್ನ ಫೀಸು ಕಟ್ಟಿದ್ದಾರೆ, ಅಕ್ಕನ ಒಡವೆ ಸೊಸೈಟಿಯಲ್ಲಿದೆ, ಊರಲ್ಲಿ ಎಲ್ಲರೂ ‘ನಿಮ್ಮ ಹುಡುಗ ಏನೋದ್ತಾ ಇದಾನೆ’ ಅಂತ ಕೇಳುತ್ತಾರೆ. ಇಷ್ಟೆಲ್ಲ ಆದ ಮೇಲೆ ‘ನನಗೆ ಆಗ್ತಾ ಇಲ್ಲ’ ಅಂತ ಹೇಗೆ ಹೇಳುವುದು? ನಿನ್ನ ಗಂಟಲು ಕಟ್ಟುವುದು ಅಲ್ಲಿ. ಆದರೆ ಒಂದು ನೆನಪಿಸಿಕೋ. ನಿಮ್ಮಪ್ಪ ಬೋರು ಕೊರೆಸಿ 800 ಅಡಿಗೂ ಬರೀ ಧೂಳು ಬಂದಾಗ ಏನು ಮಾಡಿದ? ಒಂದು ವಾರ ಯಾರ ಹತ್ತಿರವೂ ಸರಿಯಾಗಿ ಮಾತಾಡಲಿಲ್ಲ, ಆಮೇಲೆ ಇನ್ನೊಂದು ಪಾಯಿಂಟು ತೋರಿಸಿದ. ಹೊಲದ ಮೇಲೆ ಅಷ್ಟು ತಾಳ್ಮೆ ಇರುವ ಮನುಷ್ಯ ಒಂದು ಪೇಪರು ಹೋಯಿತೆಂದು ಮಗುವನ್ನು ಬಿಟ್ಟುಕೊಡುತ್ತಾನೆಯೇ? ಬೈಯುತ್ತಾನೆ, ನಿಜ. ಎರಡು ದಿನ ಮಾತು ಬಿಡುತ್ತಾನೆ. ಅಷ್ಟೇ. ಸರ್ಕಾರವೇ 2024ರಲ್ಲಿ ಎಸ್ಸೆಸ್ಸೆಲ್ಸಿಗೂ ಸೆಕೆಂಡ್ ಪಿಯುಸಿಗೂ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ಇಟ್ಟಿತು; ಒಂದು ಸಲ ಬಿದ್ದವನು ಅಲ್ಲಿಗೇ ಮುಗಿದವನಲ್ಲ ಅನ್ನುವುದು ಇಲಾಖೆಗೂ ತಿಳಿಯಿತು.

ಇನ್ನೊಂದು ಗಂಟು ಇಂಗ್ಲಿಷು. ನಮ್ಮ ಪುರವರದ ಶಾಲೆಯಲ್ಲಿ ಕೈ ಎತ್ತಿ ಮೊದಲು ಉತ್ತರ ಹೇಳುತ್ತಿದ್ದ ಮಗು ಬೆಂಗಳೂರಿನ ಇಂಜಿನಿಯರಿಂಗ್ ಕ್ಲಾಸಿನಲ್ಲಿ ಕೊನೆಯ ಬೆಂಚಿಗೆ ಹೋಗಿ ಕೂರುತ್ತದೆ. ಪಾಠ ಅರ್ಥವಾಗದ್ದು ಅಲ್ಲ ಕಷ್ಟ, ಅರ್ಥವಾಗಿದ್ದನ್ನು ಹೇಳಲಾಗದ್ದು ಕಷ್ಟ. ತಾನು ದಡ್ಡ ಎಂದು ಮೊದಲ ವರ್ಷವೇ ತೀರ್ಮಾನಕ್ಕೆ ಬಂದವರನ್ನು ನೋಡಿದ್ದೇನೆ. ಮೂರನೇ ವರ್ಷದ ಹೊತ್ತಿಗೆ ಅವರೇ ಜೂನಿಯರ್‌ಗಳಿಗೆ ಪಾಠ ಹೇಳಿಕೊಡುತ್ತಿದ್ದುದನ್ನೂ ನೋಡಿದ್ದೇನೆ. ನಡುವಿನ ಎರಡು ವರ್ಷ ದಾಟಿಸಲು ಯಾರಾದರೂ ಜೊತೆಗಿರಬೇಕು, ಅಷ್ಟೇ ವಿಷಯ.

ಆಪ್ತಸಮಾಲೋಚಕರ ಹತ್ತಿರ ಹೋದರೆ ಏನಾಗುತ್ತದೆ ಅನ್ನುವ ಹೆದರಿಕೆಯನ್ನು ತೆಗೆದುಬಿಡುತ್ತೇನೆ. ಶಾಕ್ ಕೊಡುವುದಿಲ್ಲ, ಸಿನಿಮಾದಲ್ಲಿ ತೋರಿಸುವ ಹಾಗೆ ಸೋಫಾದ ಮೇಲೆ ಮಲಗಿಸುವುದೂ ಇಲ್ಲ. ಎರಡು ಕುರ್ಚಿ, ಒಂದು ಮೇಜು. ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಹೆಸರು, ಊರು, ಮನೆಯಲ್ಲಿ ಯಾರ್‍ಯಾರಿದ್ದಾರೆ, ನಿದ್ದೆ ಹೇಗೆ, ಊಟ ಹೇಗೆ, ಇದು ಯಾವಾಗಿನಿಂದ, ಇವೇ ಪ್ರಶ್ನೆಗಳು. ಕೆಲವರು ಸಾಯುವ ಯೋಚನೆ ಬಂದಿದೆಯಾ ಎಂದು ನೇರವಾಗಿಯೇ ಕೇಳುತ್ತಾರೆ. ಗಾಬರಿಯಾಗಬೇಡ, ಅದು ಅವರು ಕೇಳಲೇಬೇಕಾದ ಪ್ರಶ್ನೆ. ಮೊದಲ ದಿನ ನಿನಗೆ ಮಾತೇ ಹೊರಡದೆ ಅಳು ಬರಬಹುದು, ಬರಲಿ. ಬುದ್ಧಿ ಹೇಳುವುದು ಅವರ ಕೆಲಸವಲ್ಲ, ಅದಕ್ಕೆ ನಮ್ಮಂಥ ಮುದುಕರು ಸಾಕಷ್ಟಿದ್ದೇವೆ. ಗೋಜಲಾಗಿರುವುದನ್ನು ಬಿಡಿಸಿ, ಈ ವಾರ ಯಾವುದಕ್ಕೆ ಕೈ ಹಾಕಬೇಕು ಅನ್ನುವುದನ್ನು ನಿನ್ನ ಬಾಯಿಂದಲೇ ಹೊರಡಿಸುವುದು ಅವರ ಕೆಲಸ. ಹೋದ ಒಂದೇ ದಿನಕ್ಕೆ ಹಗುರವಾಗಬಹುದು, ವಾಸಿಯಾಗುವುದಿಲ್ಲ. ನಾಲ್ಕು ಸಲ, ಆರು ಸಲ ಹೋಗಬೇಕಾದೀತು. ಮೊದಲು ಸಿಕ್ಕವರು ಹೊಂದದಿದ್ದರೆ ಇನ್ನೊಬ್ಬರನ್ನು ನೋಡು. ಒಬ್ಬ ಟೈಲರ್ ಹೊಲಿದ ಅಂಗಿ ಬಿಗಿಯಾಯಿತೆಂದು ನೀನೇನು ಅಂಗಿ ಹಾಕುವುದನ್ನೇ ಬಿಟ್ಟೆಯಾ?

‘ಮನೆಗೆ ಹೇಳಿಬಿಟ್ಟರೆ?’ ಇದು ನಮ್ಮ ಮಕ್ಕಳ ಮೊದಲ ಪ್ರಶ್ನೆ, ಕೊನೆಯ ಪ್ರಶ್ನೆಯೂ ಹೌದು. ಅದರಲ್ಲೂ ಹೆಣ್ಣುಮಕ್ಕಳಿಗೆ. ಗಂಡು ನೋಡುವ ಮಾತು ಆಗಲೇ ಮನೆಯಲ್ಲಿ ಶುರುವಾಗಿರುತ್ತದೆ. ಹುಡುಗಿ ತಲೆ ಡಾಕ್ಟರ ಹತ್ತಿರ ಹೋಗಿದ್ದಳಂತೆ ಅನ್ನುವ ಒಂದು ಸುದ್ದಿ ಸಾಕು. ಹಾಗಾಗಿ ಕಾನೂನು ತಿಳಿದಿರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 23ನೇ ಕಲಂ ಪ್ರಕಾರ ನಿನ್ನ ಮಾನಸಿಕ ಆರೋಗ್ಯದ ವಿವರ, ಚಿಕಿತ್ಸೆಯ ವಿವರ ಗುಟ್ಟಾಗಿರಬೇಕು, ಅದು ನಿನ್ನ ಹಕ್ಕು. ಹದಿನೆಂಟು ತುಂಬಿದ್ದರೆ ನಿರ್ಧಾರವೂ ನಿನ್ನದೇ. ಕೆಲವು ವಿನಾಯಿತಿಗಳಿವೆ, ಮುಖ್ಯವಾದದ್ದನ್ನು ಮುಚ್ಚಿಡುವುದಿಲ್ಲ: ನಿನ್ನ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಕಂಡರೆ ಅವರು ಬೇಕಾದವರಿಗೆ ತಿಳಿಸುತ್ತಾರೆ. ಒಳ್ಳೆಯ ಸಮಾಲೋಚಕರು ಇದನ್ನು ಮೊದಲ ದಿನವೇ ಹೇಳಿಬಿಡುತ್ತಾರೆ. ಅದೇ ಕಾಯ್ದೆಯ 115ನೇ ಕಲಂ ಇನ್ನೊಂದು ದೊಡ್ಡ ಕೆಲಸ ಮಾಡಿತು. ಜೀವ ಕಳೆದುಕೊಳ್ಳಲು ಹೋದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ತಿಳಿಯಬೇಕು, ಕೇಸು ಹಾಕಿ ಶಿಕ್ಷಿಸುವಂತಿಲ್ಲ, ಆರೈಕೆ ಕೊಡುವುದು ಸರ್ಕಾರದ ಹೊಣೆ ಎಂದಿತು. ಪೊಲೀಸಿಗೆ ಹೆದರಿ ಆಸ್ಪತ್ರೆಗೆ ಒಯ್ಯದೆ ಮನೆಯಲ್ಲೇ ಮುಚ್ಚಿಟ್ಟು ಕೂತಿದ್ದ ಕಾಲವನ್ನು ಕಂಡವನು ನಾನು; ಆ ಹೆದರಿಕೆ ಈಗ ಬೇಡ.

ಇನ್ನು ಕಾಲೇಜಿನ ಮಾತು. ತುಮಕೂರಿಗೆ 2004ರಲ್ಲಿ ತನ್ನದೇ ವಿಶ್ವವಿದ್ಯಾಲಯ ಬಂತು, ನಮ್ಮ ನಾಲ್ಕು ತಾಲ್ಲೂಕಿಗೂ ಡಿಗ್ರಿ ಹತ್ತಿರವಾಯಿತು. ಕಷ್ಟ ಹೇಳಿಕೊಳ್ಳುವ ಜಾಗ ಮಾತ್ರ ಅಷ್ಟು ಬೇಗ ಹತ್ತಿರವಾಗಲಿಲ್ಲ. ಎಷ್ಟೋ ಕಾಲೇಜುಗಳಲ್ಲಿ ಬಾಗಿಲ ಮೇಲೆ ‘ಆಪ್ತಸಲಹಾ ಕೇಂದ್ರ’ ಅಂತ ಬೋರ್ಡು ಇರುತ್ತದೆ, ಒಳಗೆ ಹಳೆಯ ಉತ್ತರ ಪತ್ರಿಕೆಯ ಕಟ್ಟು ಇರುತ್ತದೆ. ಇದ್ದರೂ ಯಾರೋ ಒಬ್ಬ ಲೆಕ್ಚರರ್‌ಗೆ ಹೆಚ್ಚುವರಿ ಜವಾಬ್ದಾರಿ. ಇಂಟರ್ನಲ್ಸ್ ಮಾರ್ಕ್ಸ್ ಕೊಡುವವರ ಮುಂದೆಯೇ ಕೂತು ‘ಸಾರ್, ನಿಮ್ಮ ಕ್ಲಾಸೆಂದರೆ ಭಯ’ ಎಂದು ಯಾವ ಹುಡುಗ ಹೇಳಿಯಾನು? ಈ ಏರ್ಪಾಡು ನನಗೆ ಎಂದೂ ಸರಿಬಂದಿಲ್ಲ. 2025ರ ಜುಲೈ 25ರಂದು ಸುಪ್ರೀಂ ಕೋರ್ಟು ಒಂದು ಪ್ರಕರಣದಲ್ಲಿ ದೇಶದ ಎಲ್ಲ ಶಿಕ್ಷಣ ಸಂಸ್ಥೆಗಳಿಗೂ ಕಟ್ಟಳೆ ಹಾಕಿತು. ವಿಶಾಖಪಟ್ಟಣದಲ್ಲಿ ನೀಟ್‌ಗೆ ಓದುತ್ತಿದ್ದ ಮಗಳನ್ನು ಕಳೆದುಕೊಂಡ ಒಬ್ಬ ತಂದೆ ನಡೆಸಿದ ಪ್ರಕರಣ ಅದು. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಕಡೆ ಕಡೇಪಕ್ಷ ಒಬ್ಬ ತರಬೇತಾದ ಸಮಾಲೋಚಕರು ಇರಬೇಕು, ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರ ಜೊತೆ ಸಂಪರ್ಕ ಇಟ್ಟುಕೊಳ್ಳಬೇಕು, ಸಹಾಯವಾಣಿ ನಂಬರುಗಳು ಹಾಸ್ಟೆಲಿನಲ್ಲೂ ಕ್ಲಾಸಿನಲ್ಲೂ ಎದ್ದು ಕಾಣುವಂತೆ ಇರಬೇಕು. ನಿನ್ನ ಹಾಸ್ಟೆಲಿನ ಗೋಡೆಯ ಮೇಲೆ ಆ ನಂಬರು ಇದೆಯಾ ನೋಡು. ಇಲ್ಲದಿದ್ದರೆ ನಾಲ್ಕು ಜನ ಸೇರಿ ಪ್ರಿನ್ಸಿಪಾಲರಿಗೆ ಒಂದು ಅರ್ಜಿ ಬರೆಯಿರಿ, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಿ. ಸೀಲು ಬಿದ್ದ ಕಾಗದಕ್ಕೆ ಆಫೀಸಿನಲ್ಲಿ ಬೆಲೆ ಇದೆ, ಇದು ನನ್ನ ಸರ್ವೀಸಿನ ಮಾತು.

ಅದೆಲ್ಲ ಆಗುವವರೆಗೆ ಫೋನಿದೆ. ಟೆಲಿ ಮಾನಸ್ ಶುರುವಾಗಿದ್ದು 2022ರ ಅಕ್ಟೋಬರ್ 10ರಂದು, ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರ. ದುಡ್ಡಿಲ್ಲ, ದಿನದ ಇಪ್ಪತ್ನಾಲ್ಕು ಗಂಟೆ. ಭಾಷೆ ಆರಿಸಿಕೊಂಡರೆ ಕನ್ನಡದಲ್ಲೇ ಮಾತಾಡುತ್ತಾರೆ. ಪಾವಗಡ, ಮಡಕಶಿರಾ ಗಡಿಯ ಮಕ್ಕಳಿಗೆ ಮನೆಮಾತು ತೆಲುಗಾದರೆ ತೆಲುಗೂ ಇದೆ, ದುಃಖ ಮನೆಮಾತಿನಲ್ಲೇ ಸಲೀಸಾಗಿ ಹೊರಬರುವುದು. ಮೊದಲು ತರಬೇತಾದ ಸಮಾಲೋಚಕರು ಸಿಗುತ್ತಾರೆ, ಅವರಿಗೆ ಹೆಚ್ಚಿನದು ಬೇಕೆನ್ನಿಸಿದರೆ ಮೇಲಿನ ತಜ್ಞರಿಗೆ ದಾಟಿಸುತ್ತಾರೆ ಅಥವಾ ಹತ್ತಿರದ ಆಸ್ಪತ್ರೆ ತಿಳಿಸುತ್ತಾರೆ. ಹಾಸ್ಟೆಲಿನಲ್ಲಿ ಮಾತಾಡಲು ಏಕಾಂತ ಎಲ್ಲಿ ಅಂತೀಯ. ಟೆರೇಸಿನ ಮೇಲೆ ಒಬ್ಬನೇ ಹೋಗಬೇಡ. ಗ್ರೌಂಡಿನಲ್ಲಿ ಸುತ್ತು ಹಾಕುತ್ತಾ ಮಾತಾಡು, ನೋಡಿದವರು ಯಾವುದೋ ಹುಡುಗಿಯ ಜೊತೆ ಮಾತಾಡುತ್ತಿದ್ದಾನೆ ಅಂದುಕೊಳ್ಳುತ್ತಾರೆ, ಅದೂ ಮರ್ಯಾದೆಯೇ.

ಊರಿನಲ್ಲಿದ್ದಾಗ ತೊಂದರೆಯಾದರೆ ತಾಲ್ಲೂಕು ಆಸ್ಪತ್ರೆಗೆ ಹೋಗು. 1985ರಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಮಾಡಿದರು. ಬೆಂಗಳೂರಿಗೇ ಬರಬೇಕೆಂದರೆ ಹಳ್ಳಿಯವರು ಎಲ್ಲಿ ಬರುತ್ತಾರೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ಡಾಕ್ಟರಿಗೇ ಮನೋರೋಗದ ಚಿಕಿತ್ಸೆ ಕಲಿಸೋಣ ಎಂದು. ಅದು ಫಲ ಕೊಟ್ಟು, 1996ರಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆಲ್ಲ ಹಬ್ಬಿತು. ನಮ್ಮ ರಾಜ್ಯ 2014ರಲ್ಲಿ ಅದಕ್ಕೆ ಮನೋಚೈತನ್ಯ ಸೇರಿಸಿತು: ಮಂಗಳವಾರದ ದಿನ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುವ ಏರ್ಪಾಡು. ಮಧುಗಿರಿಗೆ ಯಾವ ಮಂಗಳವಾರ ಅನ್ನುವುದನ್ನು ಮೊದಲೇ ಫೋನು ಮಾಡಿಯೋ ಆಶಾ ಕಾರ್ಯಕರ್ತೆಯ ಹತ್ತಿರವೋ ಕೇಳಿಕೊಂಡು ಹೋಗು, ಸುಮ್ಮನೆ ಬಸ್ ಚಾರ್ಜು ದಂಡವಾಗಬಾರದು. ಬಡವರಿಗೆ ಬಿಪಿಎಲ್ ಕಾರ್ಡು ಇರಲಿ ಬಿಡಲಿ ಸರ್ಕಾರಿ ಆಸ್ಪತ್ರೆಯಲ್ಲಿ ಈ ಚಿಕಿತ್ಸೆ ಪುಕ್ಕಟೆ ಎಂದು ಆ 2017ರ ಕಾಯ್ದೆಯೇ ಹೇಳುತ್ತದೆ.

ಅಜ್ಜಿ ಮಾತ್ರ ಬೇರೆಯದೇ ಹೇಳುತ್ತಾಳೆ. ಯಾರದೋ ಕಣ್ಣು ಬಿದ್ದಿದೆ, ಗಾಳಿ ಸೋಕಿದೆ, ಪಾವಗಡದ ಶನಿಮಹಾತ್ಮನಿಗೆ ಎಳ್ಳೆಣ್ಣೆ ಹಚ್ಚಿಸೋಣ, ಗೊರವನಹಳ್ಳಿಗೆ ಹೋಗಿ ಬರೋಣ. ಹೋಗಿ ಬಾ. ಅಜ್ಜಿಯ ಜೊತೆ ಬಸ್ಸಿನಲ್ಲಿ ಅಷ್ಟು ದೂರ ಕೂತು ಹೋಗುವುದೂ ಒಂದು ಬಗೆಯ ಔಷಧವೇ, ನಾನು ಅಡ್ಡ ಬರುವುದಿಲ್ಲ. ಶನಿವಾರ ಶನಿಮಹಾತ್ಮನಿಗಿರಲಿ, ಮಂಗಳವಾರ ಡಾಕ್ಟರಿಗಿರಲಿ. ಆದರೆ ‘ಮಾತ್ರೆ ನಿಲ್ಲಿಸು, ತಾಯತ ಕಟ್ಟುತ್ತೇನೆ’ ಅನ್ನುವವನು ಸಿಕ್ಕರೆ ಅಲ್ಲಿಂದ ಎದ್ದು ಬಾ. ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ. ಬೇಕಾದವರಿಗೆ, ಖಿನ್ನತೆಯ ಮಾತ್ರೆ ಕೆಲಸ ತೋರಿಸಲು ಎರಡರಿಂದ ನಾಲ್ಕು ವಾರ ತೆಗೆದುಕೊಳ್ಳುತ್ತದೆ. ಒಂದು ವಾರ ನುಂಗಿ ಗುಣವಿಲ್ಲವೆಂದು ಬಿಸಾಡುವವರೇ ಹೆಚ್ಚು. ಗುಣ ಕಂಡಿತೆಂದು ನೀನಾಗಿ ನಿಲ್ಲಿಸುವುದೂ ತಪ್ಪು, ಡಾಕ್ಟರು ನಿಧಾನವಾಗಿ ಇಳಿಸಬೇಕು. ಸುಸ್ತು, ಮಂಕು ಅಂತ ಹೋದವರಿಗೆ ಕೆಲವು ಡಾಕ್ಟರು ಮೊದಲು ರಕ್ತ, ಥೈರಾಯ್ಡ್ ಪರೀಕ್ಷೆ ಬರೆಯುತ್ತಾರೆ. ಬರೆಸಿಕೋ. ಮನಸ್ಸಿನದೆಂದುಕೊಂಡಿದ್ದು ಎಷ್ಟೋ ಸಲ ರಕ್ತ ಕಡಿಮೆಯಾಗಿದ್ದರಿಂದ ಬಂದಿರುತ್ತದೆ, ಹಾಸ್ಟೆಲಿನ ಹೆಣ್ಣುಮಕ್ಕಳಲ್ಲಂತೂ.

ಇಷ್ಟು ಹೇಳಿದ ಮೇಲೆ ಇದನ್ನೂ ಹೇಳದಿದ್ದರೆ ಅನ್ಯಾಯವಾದೀತು: ಎಲ್ಲ ದುಃಖವೂ ರೋಗವಲ್ಲ. ಸ್ಕಾಲರ್‌ಶಿಪ್ಪು ಎಸ್‌ಎಸ್‌ಪಿ ಪೋರ್ಟಲಿನಲ್ಲಿ ತಿಂಗಳುಗಟ್ಟಲೆ ‘ಪೆಂಡಿಂಗ್’ ಎಂದು ನಿಂತು, ಫೀಸು ಕಟ್ಟದ್ದಕ್ಕೆ ಹಾಲ್ ಟಿಕೆಟ್ ತಡೆದರೆ ನಿನಗೆ ಬೇಕಿರುವುದು ಸ್ಕಾಲರ್‌ಶಿಪ್ಪು, ದೀರ್ಘ ಉಸಿರಾಟದ ವ್ಯಾಯಾಮವಲ್ಲ. ಜಾತಿ ಹಿಡಿದು ಯಾರಾದರೂ ಹೀಗಳೆದರೆ ಕಾಯಿಲೆ ಇರುವುದು ಅವರಿಗೆ. ನಿನ್ನ ಕೆಲಸ ಕಾಲೇಜಿನ ಸಮಾನ ಅವಕಾಶ ಘಟಕಕ್ಕೆ ಲಿಖಿತ ದೂರು ಕೊಡುವುದು. ರ್‍ಯಾಗಿಂಗ್ ಆದರೆ ಯುಜಿಸಿಯ 1800-180-5522. ಅನ್ಯಾಯವಾದವರನ್ನು ಕೌನ್ಸೆಲಿಂಗಿಗೆ ಕಳಿಸಿ ಸಮಾಧಾನ ಮಾಡಿಸಿ ಫೈಲು ಮುಚ್ಚುವ ಚಾಳಿ ಅಲ್ಲಲ್ಲಿ ಬೆಳೆಯುತ್ತಿದೆ, ಅದಕ್ಕೆ ಒಪ್ಪಬೇಡ. ಒಳ್ಳೆಯ ಸಮಾಲೋಚಕರು ನಿನ್ನ ಮಾತು ಕೇಳಿದ ಮೇಲೆ ಸ್ಕಾಲರ್‌ಶಿಪ್ ಸೆಕ್ಷನ್ನಿಗೂ ಒಂದು ಫೋನು ಮಾಡುತ್ತಾರೆ.

ಹುಡುಗರಿಗೆ ಈಚೆಗೆ ಸುತ್ತಿಕೊಂಡಿರುವುದು ಲೋನ್ ಆ್ಯಪು, ಐಪಿಎಲ್ ಬೆಟ್ಟಿಂಗು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಪಾರ್ಲಿಮೆಂಟು 2025ರ ಆಗಸ್ಟಿನಲ್ಲಿ ತಂದಿತು, ಕದ್ದು ಆಡಿಸುವವರು ಇದ್ದೇ ಇದ್ದಾರೆ. ಮೊದಲು ಸಾಲ, ಆಮೇಲೆ ನಿನ್ನ ಕಾಂಟ್ಯಾಕ್ಟಿನಲ್ಲಿರುವವರಿಗೆಲ್ಲ ಮೆಸೇಜು ಕಳಿಸುತ್ತೇವೆಂಬ ಬೆದರಿಕೆ, ತಿರುಚಿದ ಫೋಟೋ. ಆ ರಾತ್ರಿಗಳಲ್ಲಿ ಹುಡುಗರು ಕಂಗಾಲಾಗುತ್ತಾರೆ. ಅದಕ್ಕೆ 1930, ಸೈಬರ್ ಅಪರಾಧದ ನಂಬರು. ಮೊದಲು ಅಲ್ಲಿಗೆ ಹೇಳು, ಇನ್ನೊಂದು ರೂಪಾಯಿ ಕಟ್ಟಬೇಡ, ಮೆಸೇಜುಗಳನ್ನು ಅಳಿಸಬೇಡ. ಮೊಬೈಲು ಬಿಡಲಾಗದ ಚಟವೇ ಆಗಿದ್ದರೆ ಅದಕ್ಕೆಂದೇ ನಿಮ್ಹಾನ್ಸ್‌ನಲ್ಲಿ ‘ಶಟ್’ ಎಂಬ ಕ್ಲಿನಿಕ್ಕು 2014ರಿಂದ ಇದೆ.

ಓದಬೇಕೆನ್ನಿಸಿದರೆ ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕ ಯಾವುದಾದರೂ ಸರಿ, ಲೈಬ್ರರಿಯಲ್ಲಿ ಕೇಳು. ನಮ್ಮ ಕನ್ನಡದಲ್ಲಿ ಇಷ್ಟು ಸರಳವಾಗಿ ಈ ವಿಷಯ ಬರೆದವರು ಕಡಿಮೆ.

ನಿನ್ನ ವಿಷಯ ಆಯಿತು, ಪಕ್ಕದ ಮಂಚದವನದು ಉಳಿಯಿತು. ಅವನ ತಟ್ಟೆ ನೋಡುತ್ತಿರು. ಚೆನ್ನಾಗಿ ಓದುತ್ತಿದ್ದವನು ಇದ್ದಕ್ಕಿದ್ದಂತೆ ಪುಸ್ತಕ, ವಾಚು, ಇಷ್ಟದ ಶರ್ಟು ಹಂಚತೊಡಗಿದರೆ, ಸಾಲ ಕೊಟ್ಟವರಿಗೆಲ್ಲ ಲೆಕ್ಕ ಚುಕ್ತಾ ಮಾಡಿ ‘ಚೆನ್ನಾಗಿರ್ರೋ’ ಅಂದರೆ ತಮಾಷೆಯೆಂದು ಬಿಡಬೇಡ. ಸಾಯಬೇಕು ಅನ್ನಿಸುತ್ತಿದೆಯಾ ಅಂತ ಬಾಯಿಬಿಟ್ಟು ಕೇಳು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೋಗುತ್ತದೆ ಅನ್ನುವುದು ಸುಳ್ಳು. ಕೇಳಿದರೆ ಅವನಿಗೆ ಒಬ್ಬರಿದ್ದಾರೆ ಅನ್ನಿಸುತ್ತದೆ. ಹೌದು ಅಂದರೆ ಒಬ್ಬನೇ ಬಿಡಬೇಡ, ಬಾತ್‌ರೂಮಿಗೆ ಹೋದರೂ ಬಾಗಿಲಲ್ಲಿ ನಿಲ್ಲು. ಇಬ್ಬರು ಪಾಳಿಯ ಮೇಲೆ ಜೊತೆಗಿರಿ, ಒಬ್ಬ 14416ಕ್ಕೆ ಫೋನು ಮಾಡಲಿ, ವಾರ್ಡನ್ನನ್ನು ಎಬ್ಬಿಸಲಿ, ತೀರಾ ಹೊತ್ತಿಲ್ಲ ಅನ್ನಿಸಿದರೆ ಆಂಬುಲೆನ್ಸಿನ 108. ‘ಯಾರಿಗೂ ಹೇಳಬೇಡ’ ಎಂದು ಅವನು ಆಣೆ ಹಾಕಿಸಿಕೊಂಡಿದ್ದರೂ ಆ ಆಣೆ ಮುರಿ. ನಾಳೆ ಅವನು ನಿನ್ನ ಮೇಲೆ ಮುನಿಸಿಕೊಳ್ಳುತ್ತಾನೆ, ಮುನಿಸಿಕೊಳ್ಳಲಿ. ವಾರ್ಡನ್ನು ರಾತ್ರಿ ಎರಡಕ್ಕೆ ಬಾಗಿಲು ತಟ್ಟಿದರೆ ರೇಗುತ್ತಾನೆ, ನಾನೂ ರೇಗುತ್ತಿದ್ದೆ. ವಿಷಯ ತಿಳಿದ ಮೇಲೆ ಲುಂಗಿಯಲ್ಲೇ ಆಟೋ ಹಿಡಿದು ಬರುತ್ತಾನೆ.

ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಹೋಗುವುದಾದರೆ ಬೆಳಗ್ಗೆ ಮೊದಲ ಬಸ್ಸಿಗೇ ಹೊರಡು, ಹತ್ತರ ನಂತರ ಚೀಟಿ ಮಾಡಿಸುವ ಕಡೆ ಸಾಲು ಬೆಳೆಯುತ್ತದೆ. ಆಧಾರ್ ಇಟ್ಟುಕೋ, ಹಿಂದೆ ತೋರಿಸಿದ ಚೀಟಿಗಳಿದ್ದರೆ ಅವನ್ನೂ ಇಟ್ಟುಕೋ. ಡಾಕ್ಟರ ಮುಂದೆ ಮಾತು ಮರೆತುಹೋಗುತ್ತದೆ, ಯಾವಾಗಿನಿಂದ ಏನೇನಾಗುತ್ತಿದೆ ಅನ್ನುವುದನ್ನು ರಾತ್ರಿಯೇ ಒಂದು ಹಾಳೆಯಲ್ಲಿ ಬರೆದುಕೋ. ಒಬ್ಬನೇ ಹೋಗಲು ಸಂಕೋಚವಾದರೆ ನನಗೆ ಫೋನು ಮಾಡು, ಮಧುಗಿರಿ ಬಸ್ ಸ್ಟ್ಯಾಂಡಿಗೆ ಬಂದು ನಿಂತಿರುತ್ತೇನೆ. ಒಳಗೆ ಬರುವುದಿಲ್ಲ, ಹೊರಗಿನ ಬೆಂಚಿನ ಮೇಲೆ ಪೇಪರ್ ಓದಿಕೊಂಡು ಕೂತಿರುತ್ತೇನೆ.